ದೊರೆಯ ನಾಲ್ಕನೇ ಬೂಟು

"ಬಾಗ್ಲು ತೆಗೀರಿ... ಒಸಿ ಬೇಗ! ಬಟ್ಟೆ ಹೊಲಿಯೋರ ಮನೆ ಇದೇ ಅಲ್ವಾ?"

ಕೀರ್ತನ ಹೊಲಿಗೆ ಯಂತ್ರದ ಚಕ್ರವನ್ನು ಅಂಗೈಯಿಂದ ತಡೆದು ಎದ್ದಳು. ಬಾಗಿಲು ತೆಗೆದವಳೇ ಒಂದು ಹೆಜ್ಜೆ ಹಿಂದೆ ಸರಿದಳು.

ಮುಖಕ್ಕೆಲ್ಲ ಮಸಿ ಮೆತ್ತಿಕೊಂಡ ಯುವಕನೊಬ್ಬ ನಿಂತಿದ್ದ. ಅವನ ಹೆಗಲ ಮೇಲೆ, ಕುರಿಮರಿಯನ್ನು ಹೊತ್ತ ಹಾಗೆ, ಒಂದು ದೊಡ್ಡ ಕಂದು ನಾಯಿ!

"ಬೂಟು ಹೊಲೀಬೇಕಿತ್ತು," ಎಂದ.

"ಯಾ... ಯಾರಿಗೆ?"

"ಇವನಿಗೆ."

ತನ್ನದೇ ಮಾತು ನಡೆಯುತ್ತಿದೆ ಎಂದು ಗೊತ್ತಾದವನಂತೆ ನಾಯಿ ಅವಳನ್ನೇ ನೋಡಿತು. ಕೀರ್ತನಳಿಗೆ ನಗು ತಡೆಯಲಾಗಲಿಲ್ಲ. ನಕ್ಕ ಮೇಲೆ ನಾಚಿಕೆಯಾಗಿ ದಾವಣಿಯ ಅಂಚಿನಿಂದ ಬಾಯಿ ಮುಚ್ಚಿಕೊಂಡಳು.

ಅಯ್ಯೋ... ಗುರುತಿಲ್ಲದವರ ಮುಂದೆ ಹೀಗಾ ನಗೋದು?

"ನಗಿ, ಪರವಾಗಿಲ್ಲ. ಬಸ್ ಸ್ಟ್ಯಾಂಡಿನ ಚಪ್ಪಲಿ ಅಂಗಡಿಯವನೂ ನಕ್ಕು ಕಳಿಸ್ಬುಟ್ಟ. ಆದ್ರೆ ಒಂದ್ಸಲ ಇವನ ಅಂಗಾಲು ನೋಡಿ."

ನೋಡಿದಳು. ನಗು ಅಲ್ಲೇ ನಿಂತುಹೋಯಿತು. ಕಪ್ಪು ಚರ್ಮ ಸುಲಿದು, ಹಿದುಕಿದ ಅವರೆಕಾಳಿನ ಸಿಪ್ಪೆಯಷ್ಟು ತೆಳುವಾದ ಗುಲಾಬಿ ಚರ್ಮ ಬಂದಿತ್ತು.

ಅವನ ಹೆಸರು ಮೌನೇಶ್. ನಾಗಮಂಗಲದವನು. ಕಿಕ್ಕೇರಿಯಲ್ಲಿ ಸೋದರಮಾವನ ಕುಲುಮೆ ನೋಡಿಕೊಳ್ಳಲು ಬಂದು ಮೂರು ತಿಂಗಳಾಗಿತ್ತು. ನಾಯಿಯ ಹೆಸರು ದೊರೆ.

ಗಾಡಿ ಚಕ್ರಕ್ಕೆ ಕಬ್ಬಿಣದ ಪಟ್ಟಿ ಹಾಕುವ ದಿನ, ಬೆರಣಿಯ ಬೆಂಕಿಯಲ್ಲಿ ಕಬ್ಬಿಣ ಕಾಯುತ್ತಿದ್ದಾಗ ಮೌನೇಶ್ ಎಡವಿ ಬಿದ್ದಿದ್ದ. ಆಚೆ ಬದಿಯಲ್ಲಿದ್ದ ದೊರೆ ಸುತ್ತಿ ಬರಲಿಲ್ಲ. ಕೆಂಡದ ಮೇಲೇ ಓಡಿ ಬಂದುಬಿಟ್ಟಿತ್ತು.

"ಗಾಯ ಮಾಯ್ದದೆ. ಆದ್ರೆ ಕಾದ ನೆಲ, ಕಲ್ಲು ತಾಗಬಾರದು ಅಂದವ್ರೆ ಡಾಕ್ಟ್ರು. ಕಟ್ಟಾಕಿದ್ರೆ ಕೂಳು ಬುಡ್ತಾನೆ. ಬಿಚ್ಚಿದ್ರೆ ನನ್ನ ಹಿಂದೇನೇ ಕುಲುಮೆಗೆ ಬತ್ತಾನೆ. ಏನ್ ಮಾಡ್ಲಿ ಹೇಳಿ?"

"ನಂಗೆ ರವಿಕೆ, ಲಂಗ ಬಿಟ್ರೆ ಏನೂ ಬರಲ್ಲ... ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟೋಳು ನಾನು."

"ನಾಯಿ ಬೂಟು ಯಾವ ಸ್ಕೂಲಲ್ಲೂ ಹೇಳ್ಕೊಡಕಿಲ್ಲ ಬುಡಿ!"

ಒಳಗಿನಿಂದ ಅಜ್ಜಿ ಮೂಗಮ್ಮನ ದನಿ ಬಂತು. "ಯಾರೇ ಅದು? ನಮ್ಮ ಕೀರ್ತನ ನಕ್ಕಂಗಾಯ್ತು! ಯಾವ ಪುಣ್ಯಾತ್ಮನೇ ಅವನು?"

ಮಾರನೆಯ ದಿನ ಅಜ್ಜಿಯನ್ನು ಜೊತೆಗೆ ಕರೆದುಕೊಂಡು ಕೀರ್ತನ ಕುಲುಮೆಗೆ ಹೋದಳು. ಟೇಪು ಹಿಡಿದರೆ ದೊರೆ ಕಾಲು ಕಿತ್ತುಕೊಳ್ಳುತ್ತಿತ್ತು. ಕೀರ್ತನ ಟೇಪನ್ನು ಸುತ್ತಿಟ್ಟಳು. ಆಮೇಲೆ ಒಲೆಯ ತಣ್ಣನೆಯ ಬೂದಿಯನ್ನು ಜರಡಿ ಹಿಡಿದು ನೆಲದ ಮೇಲೆ ಹರಡಿದಳು. ಅದರ ಮೇಲೆ ನಡೆದ ದೊರೆಯ ಹೆಜ್ಜೆಗಳು ಹೂ ಬಿಡಿಸಿದಂತೆ ಮೂಡಿದವು. ಪ್ರತಿ ಹೆಜ್ಜೆಯ ಸುತ್ತ ಕೆಂಪು ದಾರ ಇಟ್ಟು ಗಂಟು ಹಾಕಿಕೊಂಡಳು.

"ಮುಂಗಾಲು ದೊಡ್ಡದು, ಹಿಂಗಾಲು ಸಣ್ಣದು," ಎಂದಳು ಮೆಲ್ಲಗೆ. "ಬೂದಿಲಿ ಹೆಜ್ಜೆ ಹರಡ್ಕೊಳ್ಳುತ್ತೆ. ಕತ್ತರಿಸುವಾಗ ಟೇಪಿನ ಲೆಕ್ಕದಲ್ಲಿ ಅರ್ಧ ನೂಲಿನಷ್ಟು ಕಮ್ಮಿ ಹಿಡೀಬೇಕು."

ಮೌನೇಶ್ ದೊರೆಯ ಹೆಜ್ಜೆಯನ್ನು ನೋಡುತ್ತಿರಲಿಲ್ಲ. ಅವಳನ್ನು ನೋಡುತ್ತಿದ್ದ. ಅದು ಗೊತ್ತಾಗಿ ಗಾಬರಿಯಿಂದ ಹಿಂದೆ ಸರಿದಳು. ಅವಳ ಬರಿಗಾಲೂ ಬೂದಿಯಲ್ಲಿ ಮೂಡಿತು!

"ಅಯ್ಯೋ, ಅಳಿಸ್ಬಿಡ್ತೀನಿ..."

"ಇರ್ಲಿ ಬುಡಿ," ಎಂದ. ಉಳಿದ ದಾರದುಂಡೆಯನ್ನೂ ಅಲ್ಲೇ ಮರೆತು ಅವಳು ಮನೆಗೆ ಓಡಿದಳು.

ಮೊದಲ ಬೂಟನ್ನು ಖಾಕಿ ಬಟ್ಟೆಯಲ್ಲಿ ಹೊಲಿದಳು. ದೊರೆ ಒಂದೇ ನಿಮಿಷದಲ್ಲಿ ಹಲ್ಲಿನಿಂದ ಕಿತ್ತು ಎಸೆಯಿತು. ಸೈಕಲ್ ಟ್ಯೂಬಿನದು ಜಾರಿ ಬಿತ್ತು. ಕೀರ್ತನ ಬೇಸರ ಮಾಡಿಕೊಳ್ಳಲಿಲ್ಲ. ಜಗಲಿಯಲ್ಲಿ ಕೂತು ದೊರೆಯನ್ನು ನೋಡಿದಳು, ನೋಡಿದಳು... ಉಗುರಿಗೆ ತಾಗುವ ಕಟ್ಟನ್ನಷ್ಟೇ ಅದು ಕಚ್ಚುತ್ತದೆ. ಮೇಲೆ, ಒಳಬದಿಯ ಸಣ್ಣ ಉಗುರಿಗಿಂತ ಮೇಲೆ ಕಟ್ಟಿದರೆ ಸುಮ್ಮನಿರುತ್ತದೆ!

ಒಳಗೆ ಹಳೆಯ ಕಂಬಳಿ, ತಳಕ್ಕೆ ಸೈಕಲ್ ಟೈರು, ಕಟ್ಟಲು ಅಗಲವಾದ ಲಾಡಿ. ಈ ಸಲ ಬೂಟು ಕಾಲಲ್ಲೇ ನಿಂತಿತು. ಒಂದೊಂದೇ ಕಾಲನ್ನು ಎತ್ತಿ ಎತ್ತಿ ಇಡುತ್ತ ದೊರೆ ಬೀದಿಯಲ್ಲಿ ನಡೆದಾಗ ಮೂಗಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಏನ್ಲಾ ದೊರೆ, ಡ್ಯೂಟಿಗೆ ಹೊಂಟ್ಯೇನ್ಲಾ?"

ಬೂಟು ಹೊಂದಿಸುವ ನೆಪದಲ್ಲಿ ಮೌನೇಶ್ ದಿನವೂ ಬರುತ್ತಿದ್ದ. ಜಗಲಿಯ ಆ ತುದಿಯಲ್ಲಿ ಅವನು, ಈ ತುದಿಯಲ್ಲಿ ಅವಳು, ನಡುವೆ ದೊರೆ. ಮಾತು ಕಡಿಮೆ. ಆದರೂ ಸಂಜೆ ಅವನು ಹೋದ ಮೇಲೆ ಮನೆ ಖಾಲಿಯಾದಂತೆ ಅನಿಸುತ್ತಿತ್ತು.

ಮೂರು ಬೂಟು ಮುಗಿದವು. ನಾಲ್ಕನೆಯದು ಮಾತ್ರ ಮುಗಿಯಲೇ ಇಲ್ಲ. ಅದು ಮುಗಿದರೆ... ಆಮೇಲೆ ಅವನು ಯಾವ ನೆಪ ಹೇಳಿ ಬರುತ್ತಾನೆ? ನಾಲ್ಕನೇ ಕಾಲಿಗೆ ಬಟ್ಟೆ ಸುತ್ತಿ ಕಳಿಸುತ್ತ, ದಿನಕ್ಕೆ ಎರಡೇ ಹೊಲಿಗೆ ಹಾಕುತ್ತ ಬಂದಳು.

ಹೀಗಿರುವಾಗ ಒಂದು ಬೆಳಿಗ್ಗೆ ಮೌನೇಶ್ ಅವಳ ಅಪ್ಪನ ಮುಂದೆ ಬಂದು ಕೂತ. ಅಪ್ಪ ರಾಮಚಂದ್ರಾಚಾರ್ ಮನೆಯ ಮುಂದಿನ ಕೋಣೆಯಲ್ಲೇ ಚಿನ್ನ, ಬೆಳ್ಳಿಯ ಕೆಲಸ ಮಾಡುತ್ತಿದ್ದರು.

"ಆಚಾರ್ರೇ, ಒಂದು ಜೊತೆ ಬೆಳ್ಳಿ ಕಾಲುಂಗುರ ಆಗ್ಬೇಕು."

"ಯಾರಿಗಪ್ಪಾ?"

"ಮದ್ವೆ ಹೆಣ್ಗೆ." ಗಂಟು ಹಾಕಿದ ದಾರವೊಂದನ್ನು ಮಡಿಸಿದ ಕಾಗದದಲ್ಲಿಟ್ಟು ಕೊಟ್ಟ.

ಪರದೆಯ ಹಿಂದಿದ್ದ ಕೀರ್ತನಳ ಬೆರಳಿಗೆ ಸೂಜಿ ಚುಚ್ಚಿತು. ಅಂಥ ದಾರಗಳನ್ನು ನೋಡುತ್ತಲೇ ಬೆಳೆದವಳು ಅವಳು. ಗಂಡಿನ ಕಡೆಯವರು ಹೆಣ್ಣಿನ ಕಾಲ್ಬೆರಳಿಗೆ ಸುತ್ತಿ ತಂದುಕೊಡುವ ಅಳತೆ ಅದು.

ಹಾಗಾದರೆ ಅವನು ಯಾರದೋ ಬೆರಳಿಗೆ ದಾರ ಸುತ್ತಿ ಬಂದಿದ್ದಾನೆ...

ಅವನು ಹೋದ ಮೇಲೆ ಅಪ್ಪ ಹೇಳಿದರು. "ನಾಗಮಂಗಲದ ಕಡೆ ಗೊತ್ತಾಗಿರ್ಬೇಕು. ಒಳ್ಳೆ ಹುಡುಗ, ಚೆನ್ನಾಗಿರ್ಲಿ."

ಕೀರ್ತನ ಕತ್ತರಿ ಕೈಗೆ ತೆಗೆದುಕೊಂಡಳು. ಹನ್ನೆರಡು ದಿನ ಎಳೆದಿದ್ದ ನಾಲ್ಕನೇ ಬೂಟನ್ನು, ಉಳಿದಿದ್ದ ತಳದ ಟೈರನ್ನೂ ಕತ್ತರಿಸಿ ಹೊಲಿದು, ಆ ಮಧ್ಯಾಹ್ನವೇ ಮುಗಿಸಿದಳು. ಹೊಲಿಗೆ ಕಾಣದಷ್ಟು ಕಣ್ಣು ಮಂಜಾಗಿತ್ತು.

"ಅಜ್ಜೀ, ಇದನ್ನ ಕೊಟ್ಬಿಡು. ಕೆಲಸ ಮುಗೀತು, ಇನ್ಮೇಲೆ ಬರೋದು ಬೇಡ ಅನ್ನು."

"ಯಾಕೇ ಕೂಸೇ?"

"ಬೇಡ ಅಂದ್ರೆ ಬೇಡ ಅಷ್ಟೇ!"

ಎರಡು ದಿನ ಬೀದಿ ಬಾಗಿಲ ಕಡೆ ಸುಳಿಯಲಿಲ್ಲ. ಮೂರನೆಯ ದಿನ ಬಾಗಿಲು ದಡದಡ ಬಡಿದ ಸದ್ದು.

"ಕೀರ್ತನಾ! ಬಾಗ್ಲು ತೆಗೀರಿ!"

ತೆಗೆದಳು. ಮತ್ತೆ ಹೆಗಲ ಮೇಲೆ ದೊರೆ. ಮೂರು ಕಾಲಿಗೆ ಬೂಟಿತ್ತು, ನಾಲ್ಕನೆಯದರಿಂದ ರಕ್ತ ತೊಟ್ಟಿಕ್ಕುತ್ತಿತ್ತು.

ನಾಚಿಕೆ, ಸಿಟ್ಟು ಎಲ್ಲ ಎಲ್ಲಿ ಹೋಯಿತೋ! ನೀರು ತಂದು ಅಲ್ಲೇ ಕೂತು ಗಾಯ ತೊಳೆದಳು. ದೊರೆ ಅವಳ ಮಣಿಕಟ್ಟನ್ನು ನೆಕ್ಕಿತು.

"ಬೂಟು ಸಡಿಲ ಆಗಿತ್ತು. ಜಲ್ಲಿ ಮೇಲೆ ಕಳಚ್ಬುಡ್ತು," ಎಂದ ಮೌನೇಶ್.

"ಅರ್ಧ ನೂಲು ಕಮ್ಮಿ ಮಾಡೋದು ಮರೆತೆ... ಸಿಟ್ಟಲ್ಲಿ ಕತ್ತರಿಸ್ದೆ. ನನ್ನದೇ ತಪ್ಪು," ಎನ್ನುತ್ತಲೇ ಅವಳ ಕಣ್ಣು ತುಂಬಿ ಬಂತು.

"ಸಿಟ್ಟು ಯಾರ್ ಮೇಲೆ?"

ಅಷ್ಟರಲ್ಲಿ ಅಪ್ಪ ಒಳಗಿನಿಂದ ಕೂಗುತ್ತ ಹೊರಗೆ ಬಂದರು. "ಮೌನೇಶಾ, ಬಂದ್ಯಾ? ನಿನ್ನ ಅಳತೆ ಯಾಕೋ ಸರಿ ಇಲ್ಲ ಕಣಪ್ಪ. ಬೆರಳಿಗೆ ಸುತ್ತಿದ ದಾರ ಹಿಂಗಿರಲ್ಲ. ಇದು ನೆಲದ ಮೇಲಿಟ್ಟು ಎತ್ತಿರೋ ದಾರ. ಮೇಲಾಗಿ ಬರೀ ಬೂದಿ! ಹೆಣ್ಣಿನ ಕಾಲು ನೀನು ನೋಡಿದ್ದೀಯೋ ಇಲ್ವೋ?"

ಬೂದಿ...

ಕೀರ್ತನ ತಲೆ ಎತ್ತಿದಳು. ಅಪ್ಪನ ಕೈಯಲ್ಲಿದ್ದ ದಾರ ಕೆಂಪಗಿತ್ತು. ಅವಳದೇ ದಾರ! ಕುಲುಮೆಯಲ್ಲಿ ಮರೆತು ಬಂದಿದ್ದ ಉಂಡೆಯದು!

ಮೌನೇಶ್ ಎದ್ದು ನಿಂತ.

"ಆಚಾರ್ರೇ... ಆ ಹೆಣ್ಣಿನ ಕಾಲು ಮುಟ್ಟಿ ಅಳತೆ ತಕೊಳ್ಳೋ ಹಕ್ಕು ನಂಗಿನ್ನೂ ಬಂದಿಲ್ಲ. ಅದ್ಕೇ ಬೂದಿಲಿ ಮೂಡಿದ್ ಹೆಜ್ಜೆಲಿ ತಕೊಂಡೆ. ಆ ಹೆಜ್ಜೆ ಅಳಿಸೋಗ್ಬಾರ್ದು ಅಂತ ಅದ್ರ ಮೇಲೆ ಮಂಕರಿ ಬುಟ್ಟಿ ಮುಚ್ಚಿಟ್ಟಿವ್ನಿ. ಉಂಗ್ರ ಕೈಲಿಟ್ಕೊಂಡು, ಮಾವನ್ನ ಕರ್ಕೊಂಡು ಬಂದು ನಿಮ್ಮನ್ನೇ ಕೇಳೋಣ ಅಂತಿದ್ದೆ."

"ನನ್ನನ್ನಾ? ನನ್ನ ಯಾಕಪ್ಪಾ ಕೇಳ್ತೀಯಾ?" ರಾಮಚಂದ್ರಾಚಾರ್‌ಗೆ ಇನ್ನೂ ತಿಳಿದಿರಲಿಲ್ಲ.

ಅವರ ಹಿಂದೆಯೇ ಬಂದಿದ್ದ ಮೂಗಮ್ಮ ಹಣೆ ಚಚ್ಚಿಕೊಂಡಳು. "ಲೋ ರಾಮಚಂದ್ರ, ಬೆಳ್ಳಿ ನೋಡೋ ಕಣ್ಣಲ್ಲಿ ಮಗಳ ಮುಖನೂ ಒಸಿ ನೋಡ್ಲಾ! ಗೋತ್ರ ಬೇರೆನೇ, ನಾನು ಆಗ್ಲೇ ಕೇಳ್ಕೊಂಡಿವ್ನಿ."

ಎಲ್ಲರೂ ಕೀರ್ತನಳನ್ನು ನೋಡಿದರು. ಇಷ್ಟು ಜನರ ಕಣ್ಣು ತನ್ನ ಮೇಲೆ ಬಿದ್ದರೆ ಒಳಗೆ ಓಡಿಹೋಗುವ ಹುಡುಗಿ ಅವಳು. ಇವತ್ತು ಓಡಿದರೆ ಮುಗಿಯಿತು... ಇನ್ನೊಮ್ಮೆ ಬಾಗಿಲು ಬಡಿಯುವವರು ಯಾರು?

"ಅಪ್ಪಾ..." ಕೆಂಪು ದಾರದತ್ತ ಬೆರಳು ತೋರಿಸಿದಳು. "ಅರ್ಧ ನೂಲು ಇಳಿಸಪ್ಪಾ."

"ಏನಂದೆ?"

"ಬೂದಿಲಿ ತಗೊಂಡ ಅಳತೆ ದೊಡ್ಡದು ಬರುತ್ತೆ. ಅರ್ಧ ನೂಲು ಇಳಿಸಿದ್ರೆ... ನಂಗೆ ಸರಿ ಹೋಗುತ್ತೆ."

ಅಪ್ಪ ಮಗಳ ಮುಖವನ್ನೇ ನೋಡಿದರು. ಆಮೇಲೆ ಕೆಂಪು ದಾರವನ್ನು ಕಣ್ಣಿಗೊತ್ತಿಕೊಂಡು, ಒಳಗೆ ಹೋಗಿ ಇಕ್ಕಳ ಕೈಗೆ ತೆಗೆದುಕೊಂಡರು. ಮೂಗಮ್ಮ ಬೆಲ್ಲ ತರಲು ಎದ್ದಳು.

ಜಗಲಿಯಲ್ಲಿ ಇಬ್ಬರೇ ಉಳಿದರು. ನಡುವೆ ದೊರೆ.

"ಇನ್ನು ಬರಬ್ಯಾಡ ಅಂದ್ರಲ್ಲ... ಎಲ್ಡು ದಿನ ಸುತ್ತಿಗೆ ಎತ್ತಕ್ಕಾಗ್ಲಿಲ್ಲ ನಂಗೆ."

"ಬೇರೆ ಯಾರದೋ ಬೆರಳು ಅನ್ಕೊಂಡೆ."

"ನಿಮ್ದು ಬಿಟ್ಟು ಬೇರೆ ಯಾರ ಹೆಜ್ಜೆನೂ ನಾನು ನೋಡಿಲ್ಲ... ದೊರೇದು ಬಿಟ್ರೆ."

ಅವಳು ನಕ್ಕಳು. ಈ ಸಲ ಬಾಯಿ ಮುಚ್ಚಿಕೊಳ್ಳಲಿಲ್ಲ.

"ನಾಲ್ಕನೇ ಬೂಟು ಮತ್ತೆ ಹೊಲೀಬೇಕಲ್ಲ," ಎಂದ. "ಎಷ್ಟು ದಿನ ಬೇಕು?"

"ನಾಳೆಗೇ ಕೊಡ್ತೀನಿ."

"ಅಷ್ಟು ಬೇಗನಾ! ಹೋದ್ಸಲ ಹನ್ನೆರಡು ದಿನ ತಕೊಂಡ್ರಿ?"

ಕೀರ್ತನ ದೊರೆಯ ಕಿವಿ ಸವರುತ್ತ ತಲೆ ತಗ್ಗಿಸಿದಳು.

"ಆಗ... ನೀವು ದಿನಾ ಬರ್ಲಿ ಅಂತ."