ಕೋಳಿಗೂಡಿಗೆ ಮಂಗಳೂರು ಹೆಂಚು

“ಹುಲ್ಲು ಹೊದಿಸಿದ್ರೆ ಹೇನು ಸೇರ್ಕೊಳ್ತವೆ. ತಗಡು ಹಾಕಿದ್ರೆ ಬೇಸಿಗೇಲಿ ಕೋಳಿ ಬೆಂದೇ ಹೋಗ್ತವೆ. ಗೂಡಿಗೆ ಮಂಗಳೂರು ಹೆಂಚೇ ಆಗ್ಬೇಕು,” ಅಂದ ತಮ್ಮಯ್ಯ.

ಹಿತ್ತಲಲ್ಲಿ ನಿಂತಿದ್ದ ಮಾಯಮ್ಮ ಅವನನ್ನು ನೋಡಲಿಲ್ಲ. ತಮ್ಮ ಮನೆಯ ಸೂರು ನೋಡಿದಳು. ಹುಲ್ಲಿನ ಸೂರು. ಆಮೇಲೆ ನಿಧಾನವಾಗಿ ಕಣ್ಣಿಳಿಸಿ ಅವನನ್ನು ನೋಡಿದಳು.

“ನಾವೂ ಹುಲ್ಲಿನ ಕೆಳಗೇ ಬೆಳೆದೋರು ಸಾ. ಒಸಿ ದೂರ ನಿಂತ್ಕಳಿ, ಹೇನು ಹತ್ಕಂಡಾವು.”

ತಮ್ಮಯ್ಯನ ಕಿವಿ ಬಿಸಿಯಾಯಿತು. ಅರಕಲಗೂಡಿನ ಕಡೆ ಅವನು ಹುಟ್ಟಿದ್ದೂ ಹುಲ್ಲಿನ ಕೆಳಗೇ. ಅದನ್ನು ಹೇಳಿಬಿಟ್ಟಿದ್ದರೆ ಮಾತು ಅಲ್ಲಿಗೇ ಹಗುರಾಗುತ್ತಿತ್ತು. ಹೇಳಲಿಲ್ಲ. ಖಾಕಿ ಚೀಲ ಹೆಗಲಿಗೇರಿಸಿ ಸೈಕಲ್ಲು ಹತ್ತಿದ.

ಅರವತ್ತೆರಡನೇ ಇಸವಿ ಅದು. ತಮ್ಮಯ್ಯ ಹೊಸದಾಗಿ ಬಂದ ಗ್ರಾಮಸೇವಕ. ಇಪ್ಪತ್ತಮೂರು ವಯಸ್ಸು, ಮೀಸೆ ಇನ್ನೂ ಸರಿಯಾಗಿ ಬಂದಿರಲಿಲ್ಲ, ಮಾತು ಮಾತ್ರ ಬಂದಿತ್ತು. ಕೆಲಸ ಕಾಯಂ ಆಗಿರಲಿಲ್ಲ. ಹರದನಹಳ್ಳಿಯಲ್ಲಿ ಒಂದು ಮಾದರಿ ಕೋಳಿಗೂಡು ಕಟ್ಟಿಸಿ ತೋರಿಸು, ಆಮೇಲೆ ಕಾಯಂ ಮಾಡೋಣ ಅಂದಿದ್ದರು ಬ್ಲಾಕ್ ಆಫೀಸಿನ ಸಾಹೇಬರು. ಸರ್ಕಾರದ ಬಿಳಿ ಕೋಳಿ ಸಾಕೋಕೆ ಊರಲ್ಲಿ ಯಾರೂ ಒಪ್ಪದಿದ್ದಾಗ ಒಪ್ಪಿದವನು ಕೂಲಿ ಮಾಡುವ ದ್ಯಾವಯ್ಯ. ಒಪ್ಪಿಸಿದವಳು ಅವನ ಮಗಳು ಮಾಯಮ್ಮ. ಯಾಕೆ ಒಪ್ಪಿಸಿದಳು ಅಂತ ತಮ್ಮಯ್ಯ ಒಂದು ಸಲವಾದರೂ ಯೋಚಿಸಬೇಕಿತ್ತು. ಗಂಡಸರಿಗೆ ಇಂಥವೆಲ್ಲ ತಡವಾಗಿ ತಿಳಿಯುತ್ತವೆ, ಏನು ಮಾಡೋದು.

ಗೂಡಿನ ಗೋಡೆ ಏಳತೊಡಗಿತು. ವಾರಕ್ಕೊಂದು ಸಲ ಬಂದು ನೋಡಿದರೆ ಸಾಕಾಗಿತ್ತು. ಇವನು ದಿನಾ ಬಂದ. ಮಾಯಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಮಣ್ಣು ಕಲಸುವಳು. ಬೆವರು ಬಂದರೆ ಮುಂಗೈಯಲ್ಲೇ ಹಣೆ ಒರೆಸುವಳು. ಒಂದು ದಿನ ಹುಬ್ಬಿನ ಮೇಲೆ ಮಣ್ಣು ಉಳಿಯಿತು. ತಮ್ಮಯ್ಯ ನೋಟ್ ಬುಕ್ಕು ತೆಗೆದ, ಮುಚ್ಚಿದ, ಮತ್ತೆ ತೆಗೆದ.

“ಹಣೆ ಮೇಲೆ ಮಣ್ಣಾಗಿದೆ,” ಅಂದ ಕೊನೆಗೆ.

“ಅದನ್ನ ಹೇಳಕ್ಕೆ ಇಷ್ಟೊತ್ತು ಬೇಕಾಯ್ತಾ ಸಾ? ನೀವು ನೋಡಕ್ಕೆ ಸುರು ಮಾಡಿ ಆಗ್ಲೇ ಒಂದು ಗಳಿಗೆ ಆಯ್ತು,” ಅಂದಳು. ಮಣ್ಣು ಒರೆಸಿಕೊಳ್ಳಲಿಲ್ಲ. ಹಾಗೇ ಇಟ್ಟುಕೊಂಡು ಸಂಜೆಯವರೆಗೂ ಓಡಾಡಿದಳು.

ಎಲ್ಲ ಆಯಿತು, ಹೆಂಚು ಮಾತ್ರ ಬರಲಿಲ್ಲ. ಹೊಳೆನರಸೀಪುರದಿಂದ ಇವತ್ತು ಬರುತ್ತೆ, ನಾಳೆ ಬರುತ್ತೆ ಅಂತ ಮೂರು ವಾರ ಕಳೆಯಿತು. “ತೆಂಗಿನ ಗರಿ ಹೆಣೆದು ಹೊದಿಸ್ತೀನಿ, ತಂಪಾಗಿರ್ತದೆ” ಅಂತ ಮಾಯಮ್ಮ ಎರಡು ಸಲ ಹೇಳಿದಳು. ಇವನು ಕೇಳಲಿಲ್ಲ. ತಿಂಗಳ ವರದಿಯ ದಿನ ಬಂತು. ‘ಗೂಡು ಪೂರ್ತಿಯಾಗಿದೆ, ಮಂಗಳೂರು ಹೆಂಚು ಹೊದಿಸಲಾಗಿದೆ’ ಅಂತ ಬರೆದು ರುಜು ಹಾಕಿಬಿಟ್ಟ. ಸಾಹೇಬರಿಗೆ ಓದಿ ಖುಷಿಯಾಯಿತು. ಶುಕ್ರವಾರ ನಾನೇ ಬಂದು ನೋಡ್ತೀನಿ ಅಂತ ಹೇಳಿಕಳಿಸಿದರು.

ಗುರುವಾರ ಮಧ್ಯಾಹ್ನ ತಮ್ಮಯ್ಯ ಸೈಕಲ್ಲು ತಳ್ಳಿಕೊಂಡು ಬಂದ. ಹತ್ತಿ ಬರುವ ಶಕ್ತಿ ಇರಲಿಲ್ಲ. ಸೂರಿಲ್ಲದ ಗೂಡಿನ ಮುಂದೆ ತಲೆ ತಗ್ಗಿಸಿ ಎಲ್ಲ ಹೇಳಿದ.

“ಸುಳ್ಳು ಬರೆದ್ರಾ?” ಅಂದಳು ಮಾಯಮ್ಮ.

“ಹೂಂ.”

ಅವಳು ಅವನನ್ನೇ ನೋಡಿದಳು. ಆ ನೋಟದಲ್ಲಿ ಕೀಟಲೆ ಇರಲಿಲ್ಲ. ಬೈದಿದ್ದರೆ ವಾಸಿಯಿತ್ತು ಅನ್ನಿಸಿತು ತಮ್ಮಯ್ಯನಿಗೆ.

“ನಾಳೆ ಸಾಹೇಬ್ರನ್ನ ಕರ್ಕಂಡು ಬನ್ನಿ,” ಅಂದು ಒಳಗೆ ಹೋದಳು.

ಶುಕ್ರವಾರ ಜೀಪು ಇಳಿದು ಹಿತ್ತಲಿಗೆ ಬಂದರೆ ಗೂಡಿನ ಮೇಲೆ ಹೆಂಚು! ಸಾಲಾಗಿ, ಸರಿಯಾಗಿ, ಒಂದಕ್ಕೊಂದು ಕೂತಿದ್ದವು. ಒಂದಿಷ್ಟು ಕಪ್ಪಾಗಿದ್ದವು, ಅಷ್ಟೇ. ಸಾಹೇಬರು ಸುತ್ತ ಬಂದು ನೋಡಿ “ಭೇಷ್” ಅಂದರು. ದ್ಯಾವಯ್ಯ ಎಳನೀರು ಕೆತ್ತಿದ. ಸಾಹೇಬರಿಗೆ ಬುರುಡೆ ಎತ್ತಿ ಕುಡಿದು ಅಭ್ಯಾಸವಿಲ್ಲ ಅಂತ ತಮ್ಮಯ್ಯ ಲೋಟ ಕೇಳಲು ಅಡಿಗೆಮನೆಯ ಬಾಗಿಲಿಗೆ ಹೋದ.

ಅಡಿಗೆಮನೆಯಲ್ಲಿ ಬಿಸಿಲು ಬಿದ್ದಿತ್ತು. ಒಲೆಯ ಮೇಲೆ ಬಿಸಿಲು, ಹಿಟ್ಟಿನ ಮಡಕೆಯ ಮೇಲೆ ಬಿಸಿಲು, ಒಲೆ ಮುಂದೆ ಕೂತ ಮಾಯಮ್ಮನ ಕೂದಲ ಮೇಲೆ ಬಿಸಿಲು. ತಲೆ ಎತ್ತಿದರೆ ಬರೀ ತೊಲೆ, ರೀಪು, ಅದರಾಚೆ ಆಕಾಶ. ಒಮ್ಮೆ ಒಲೆಯ ಕಿಡಿ ಹಾರಿ ಹುಲ್ಲು ಹತ್ತಿಕೊಂಡ ಮೇಲೆ ದ್ಯಾವಯ್ಯ ಎರಡು ವರ್ಷ ದುಡಿದು ಈ ಒಂದು ಕೋಣೆಗೆ ಹೆಂಚು ಹೊದಿಸಿದ್ದ. ಅದು ಊರಿಗೆಲ್ಲ ಗೊತ್ತಿದ್ದ ವಿಷಯ.

“ಹೆಂಚೆಲ್ಲಿ?” ಅಂದ ತಮ್ಮಯ್ಯ, ಗೊತ್ತಿದ್ದೂ.

“ನೀವು ಬರೆದ ಜಾಗದಲ್ಲೇ ಅವೆ.”

“ಯಾರು ಬಿಚ್ಚಿದ್ದು?”

“ಅಪ್ಪ. ನಾನು ಕೆಳಗೆ ನಿಂತು ಇಸ್ಕಂಡೆ. ಪಾಪ, ಆ ಹುಡುಗನ ಕೆಲಸ ಓಗದು ಬ್ಯಾಡ ಕಣವ್ವ ಅಂದ.” ಲೋಟ ಮುಂದೆ ಚಾಚಿದಳು. “ತಕಳಿ. ಅವರು ಕಾಯ್ತಾವ್ರೆ.”

ಭೂಮಿ ಬಾಯಿಬಿಟ್ಟರೆ ಇಳಿದುಹೋಗೋಣ ಅನ್ನಿಸಿತು ಅವನಿಗೆ. ಹುಲ್ಲಿನ ಮನೆಯವರ ಮುಂದೆ ಹುಲ್ಲನ್ನು ಹಳಿದಿದ್ದ. ಸುಳ್ಳು ಬರೆದಿದ್ದ. ಈಗ ಆ ಸುಳ್ಳಿಗೆ ಇವರ ಒಲೆಯ ಮೇಲಿನ ಸೂರು ಹೋಗಿತ್ತು. ಇಷ್ಟಾದರೂ ಲೋಟ ಕೊಟ್ಟ ಕೈ ಒಂದು ಚೂರೂ ಬಿರುಸಾಗಿರಲಿಲ್ಲ. ಅದರಿಂದಲೇ ಅವನಿಗೆ ಹೆಚ್ಚು ನೋವಾಯಿತು.

ಹೊರಗೆ ಬಂದು ಎಳನೀರು ಬಗ್ಗಿಸಿ ಲೋಟ ಸಾಹೇಬರ ಕೈಗಿಟ್ಟು ಹೇಳಿಯೇಬಿಟ್ಟ. “ಈ ಹೆಂಚು ಗೂಡಿನದಲ್ಲ ಸಾರ್. ಇವರ ಅಡಿಗೆಮನೇದು. ನನ್ನ ಮರ್ಯಾದೆ ಉಳಿಸೋಕೆ ಬಿಚ್ಚಿ ಹಾಕಿದಾರೆ. ನಾನು ಬರೆದಿದ್ದು ಸುಳ್ಳು.”

“ಅಯ್ಯೋ ಬುಡಿ ಸಾ, ಹುಡುಗ ಏನೋ…” ಅಂತ ದ್ಯಾವಯ್ಯ ನಡುವೆ ಬಂದ.

ಸಾಹೇಬರು ಲೋಟ ಕೆಳಗಿಟ್ಟರು. “ಹೆಂಚೇ ಆಗ್ಬೇಕು ಅಂತ ನಿನಗೆ ಯಾರಯ್ಯ ಹೇಳಿದ್ದು? ಗರಿ ಹೊದಿಸಿದ್ರೆ ನಾನು ಬೇಡ ಅಂತಿದ್ನಾ?” ಅಂದರು. ಆ ಹಟ ಪೂರಾ ತಮ್ಮಯ್ಯನದೇ. “ಕೆಲಸ ತೆಗೆಯಲ್ಲ. ಕಾಯಂ ಮಾತು ಮಾತ್ರ ಇನ್ನೊಂದು ವರ್ಷ ಎತ್ತಬೇಡ,” ಅಂದು ಜೀಪು ಹತ್ತಿದರು.

ದ್ಯಾವಯ್ಯ ಗರಿ ತರಲು ತೋಟದ ಕಡೆ ಹೋದ. ತಮ್ಮಯ್ಯ ಅಂಗಿ ತೋಳು ಮಡಿಸಿ ಗೂಡಿನ ಹೆಂಚನ್ನೆಲ್ಲ ಇಳಿಸಿ, ಏಣಿ ಹಾಕಿ ಅಡಿಗೆಮನೆ ಹತ್ತಿದ. ಮಾಯಮ್ಮ ಕೆಳಗೆ ನಿಂತು ಒಂದೊಂದೇ ಹೆಂಚು ಎತ್ತಿ ಕೊಟ್ಟಳು. ಒಂದು ಸಾಲು ಮುಗಿಯಿತು.

“ನಿನ್ನ ಮುಖ ನೋಡೋಕೆ ಆಗ್ತಿಲ್ಲ ಮಾಯಮ್ಮ,” ಅಂದ ಕೊನೆಗೆ.

“ಮತ್ಯಾಕೆ ಆವಾಗಿಂದ ನೋಡ್ತಾ ಇದೀರಿ?”

“ನಿಮ್ಮಪ್ಪನ್ನ ಒಂದು ಮಾತು ಕೇಳ್ಬೇಕು ಅಂತಿದ್ದೆ. ಇನ್ನು ಯಾವ ಮುಖ ಇಟ್ಕೊಂಡು ಕೇಳ್ಲಿ?”

ಅವಳು ಹೆಂಚನ್ನು ಕೊಡಲಿಲ್ಲ, ಎದೆಗೆ ಅವಚಿಕೊಂಡು ನಿಂತಳು. “ಏನ್ ಮಾತು?”

“ನಿನ್ನ ನನಗೆ ಕೊಡ್ತೀರಾ ಅಂತ.”

ಮಾಯಮ್ಮ ನೆಲ ನೋಡಿದಳು. ಕೆನ್ನೆ ಕೆಂಪಾಗಿತ್ತು, ಮಾತು ಮಾತ್ರ ನೆಟ್ಟಗಿತ್ತು. “ನಿನ್ನೆ ಹೆಂಚು ಇಸ್ಕಳೋವಾಗ ನಂಗೂ ಭಯ ಇತ್ತು ಕಣ್ರೀ. ಇದನ್ನ ನೋಡಿನೂ ನೀವು ಸುಮ್ನೆ ಎಳನೀರು ಕುಡ್ದು ಜೀಪು ಹತ್ಕಂಡು ಓಗ್ಬುಟ್ಟಿದ್ರೆ? ಎಂಥೋನಿಗೋಸ್ಕರ ಅಪ್ಪನ್ನ ಸೂರು ಹತ್ತಿಸ್ದೆ ಅಂತ ನಾನು ಸಾಯೋಗಂಟ ನಾಚಿಕೆ ಪಡ್ಬೇಕಾಗಿತ್ತು. ನೀವು ನಾಚ್ಕಂಡ್ರಿ, ನಾನು ಉಳ್ಕಂಡೆ.” ಹೆಂಚು ಮೇಲೆ ಚಾಚಿದಳು. “ಇದೇ ಮುಖ ಇಟ್ಕಂಡು ಕೇಳಿ.”

ಅಷ್ಟರಲ್ಲಿ ದ್ಯಾವಯ್ಯ ತಲೆ ಮೇಲೆ ಗರಿಯ ಹೊರೆ ಹೊತ್ತು ಹಿತ್ತಲಿಗೆ ಬಂದ. ತಮ್ಮಯ್ಯ ಏಣಿಯ ಅರ್ಧದಿಂದಲೇ ಧುಮುಕಿ, ಅವನು ಹೊರೆ ಇಳಿಸುವ ಮೊದಲೇ, ಉಸಿರು ಕಟ್ಟಿಕೊಂಡು ಕೇಳಿಬಿಟ್ಟ.

ದ್ಯಾವಯ್ಯ ಮಗಳ ಕಡೆ ನೋಡಿದ. ಅವಳು ಗೋಡೆ ಕಡೆ ತಿರುಗಿದ್ದಳು.

“ಮೊದ್ಲು ಹೊರೆ ಇಳಿಸ್ಕಳಯ್ಯ ಅಳಿಮಯ್ಯ,” ಅಂದ. “ಕತ್ತು ನೋಯ್ತಾ ಅದೆ.”