ಕತ್ತರಿಸದ ನೆರಳು

ಮೊದಲ ಭಾನುವಾರವೇ ಅವರಿಬ್ಬರಿಗೂ ಜಗಳವಾಗಿತ್ತು.

ಗ್ರಂಥಾಲಯದ ಮಹಡಿಯಲ್ಲಿ ಹತ್ತು ಹನ್ನೆರಡು ಮಂದಿ ಸೇರುವ ಫೋಟೊ ಕೂಟ ಅದು. ಕಡಲತೀರದಲ್ಲಿ ತಾವು ತೆಗೆದ ಫೋಟೊಗಳನ್ನು ತಂದು, ಗೋಡೆಗೆ ಕಟ್ಟಿದ ತಂತಿಗೆ ಕ್ಲಿಪ್ ಹಾಕಿ ನೇತುಬಿಡುತ್ತಿದ್ದರು. ಆಮೇಲೆ ಒಬ್ಬರ ತಪ್ಪನ್ನು ಎಲ್ಲರೂ ಸೇರಿ ಹುಡುಕುವುದು. ಕೊನೆಯ ಮಾತು ಮಾತ್ರ ಪಾಸ್‌ಪೋರ್ಟ್ ಮೇಷ್ಟ್ರದು. ಬಸ್ ನಿಲ್ದಾಣದ ಎದುರಿನ ಸಣ್ಣ ಸ್ಟುಡಿಯೊದಲ್ಲಿ ಮೂವತ್ತು ವರ್ಷ ಪಾಸ್‌ಪೋರ್ಟ್ ಫೋಟೊ ತೆಗೆದವರು. ‘ಗಲ್ಲ ಎತ್ತಿ, ಎರಡೂ ಕಿವಿ ಕಾಣಲಿ, ನಗಬೇಡಿ’ ಎಂದು ಹೇಳಿ ಹೇಳಿ ತಾವೇ ನಗುವುದನ್ನು ಮರೆತರೆಂದು ಊರು ಆಡಿಕೊಳ್ಳುತ್ತಿತ್ತು.

ಅವತ್ತು ತಂತಿಯ ಮೇಲೊಂದು ಹೊಸ ಚಿತ್ರವಿತ್ತು. ಮೇಷ್ಟ್ರು ಅದರ ಮುಂದೆ ನಿಂತರು.

“ಇದು ಯಾರದು? ಸಮುದ್ರ ಎಡಕ್ಕೆ ವಾಲಿದೆ. ಇನ್ನೊಂದು ಚೂರು ವಾಲಿದ್ರೆ ನೀರೆಲ್ಲ ಕೆಳಗಿನ ಪುಸ್ತಕಗಳ ಮೇಲೆ ಸುರಿದುಬಿಡುತ್ತೆ.”

ಎಲ್ಲರೂ ನಕ್ಕರು. ಹಿಂದಿನ ಸಾಲಿನಿಂದ ಟೈಲರಮ್ಮ ಎದ್ದು ನಿಂತಳು. ಅಳತೆ ಟೇಪು ಇನ್ನೂ ಕೊರಳಲ್ಲೇ ಇತ್ತು. ಕೂಟದ ಕಾರ್ಯದರ್ಶಿಯಾಗಿದ್ದ ಅವಳ ತಮ್ಮ ಅವಳನ್ನು ಹೊಲಿಗೆ ಅಂಗಡಿಯಿಂದಲೇ ಎಳೆದುಕೊಂಡು ಬಂದಿದ್ದ.

“ಸಮುದ್ರ ನೆಟ್ಟಗೇ ಇತ್ತು ಮೇಷ್ಟ್ರೇ. ಗಾಳಿ ನನ್ನನ್ನ ವಾಲಿಸ್ತು. ಆ ಗಾಳಿ ನಿಮಗೆ ಕಾಣಲಿಲ್ವಾ?”

“ಗಾಳಿ ತೋರಿಸೋಕೆ ಬೇರೆ ದಾರಿ ಇದೆ.”

“ಹಾಗಾದ್ರೆ ನಿಮ್ಮ ಫೋಟೊದಲ್ಲಿ ತೋರಿಸಿ. ಆ ಮೀನುಗಾರನ್ನ ನಟ್ಟನಡುವೆ ನಿಲ್ಲಿಸಿದ್ದೀರಿ. ಪಾಪ, ವೀಸಾಕ್ಕೆ ಕಾಯ್ತಿರೋ ಹಾಗಿದ್ದಾನೆ.”

ಈ ಸಲದ ನಗು ಇನ್ನೂ ಜೋರಾಗಿತ್ತು. ಮೇಷ್ಟ್ರು ತಟ್ಟನೆ ಗೋಡೆಯತ್ತ ತಿರುಗಿಕೊಂಡರು. ತಿರುಗುವ ಮುಂಚೆ ಅವರ ತುಟಿಯ ಅಂಚು ಒಂದಿಷ್ಟು ಮೇಲಕ್ಕೆ ಹೋದದ್ದನ್ನು ಅವಳು ಕಂಡುಬಿಟ್ಟಳು. ಬಟ್ಟೆಯ ಸಣ್ಣ ಸುಕ್ಕನ್ನೂ ಬಿಡದ ಕಣ್ಣು ಅದು.

ಅಲ್ಲಿಂದ ಶುರುವಾಯಿತು. ಬುಧವಾರ ಅವಳ ಅಂಗಡಿಗೆ ರಜೆ. ಬುಧವಾರವೇ ಮೇಷ್ಟ್ರಿಗೂ ಯಾಕೋ ಕಡಲತೀರದ ಕಡೆ ಕೆಲಸ ಬೀಳತೊಡಗಿತು.

“ನೀರಿನ ಗೆರೆ ಮನುಷ್ಯನ ಕತ್ತಿಗೆ ಸರಿಯಾಗಿ ಬರಬಾರದು ಟೈಲರಮ್ಮ. ತಲೆ ಕಡಿದ ಹಾಗೆ ಕಾಣುತ್ತೆ. ಒಂದು ಹೆಜ್ಜೆ ಕೂತ್ಕೊಂಡು ತೆಗೀರಿ.”

“ಒಂದು ಹೆಜ್ಜೆ ಹೇಗೆ ಕೂತ್ಕೊಳ್ಳೋದು ಮೇಷ್ಟ್ರೇ?”

ಅವರು ಕೂತು ತೋರಿಸಿದರು. ಏಳಲಾಗಲಿಲ್ಲ. ಅವಳು ಕೈ ಕೊಟ್ಟಳು. ಎದ್ದ ಮೇಲೆ ಆ ಕೈಯನ್ನು ಬಿಡುವುದಕ್ಕೆ ಇಬ್ಬರಿಗೂ ಒಂದು ಅಲೆ ಬಂದು ಹೋಗುವಷ್ಟು ಹೊತ್ತು ಹಿಡಿಯಿತು.

ಅವಳು ಗಂಡನನ್ನು ಕಳೆದುಕೊಂಡು ಹದಿನೆಂಟು ವರ್ಷ. ಅವರಿಗೂ ಮನೆಯಲ್ಲಿ ಕಾಯುವವರಿರಲಿಲ್ಲ. ಈ ಮಾತನ್ನು ಇಬ್ಬರೂ ಒಂದೇ ಒಂದು ಸಲ ಆಡಿ ಮುಗಿಸಿದ್ದರು. ಮಿಕ್ಕದ್ದೆಲ್ಲ ಬೆಳಕಿನ ಮಾತು, ಮೋಡದ ಮಾತು.

ಪೂರ್ವ ಕರಾವಳಿಯ ಆ ಊರಲ್ಲಿ ಸೂರ್ಯ ಮುಳುಗುವುದು ಮನೆಗಳ ಹಿಂದೆ. ಸಂಜೆ ಸಮುದ್ರಕ್ಕೆ ಮುಖಮಾಡಿ ನಿಂತರೆ ನಮ್ಮ ನೆರಳು ಉದ್ದವಾಗಿ ನಮಗಿಂತ ಮುಂಚೆ ನೀರಿಗಿಳಿದಿರುತ್ತದೆ. ಮೇಷ್ಟ್ರು ಅದನ್ನು ನೂರು ಸಲ ಹೇಳಿದ್ದರು. “ತೆಗೆಯುವವರ ನೆರಳು ಚಿತ್ರದಲ್ಲಿ ಬರಬಾರದು. ಹೊಲಿದವಳ ಸೂಜಿ ಅಂಗಿಯಲ್ಲೇ ಉಳಿದ ಹಾಗೆ ಅದು.”

ಆದರೆ ಆ ಒಂದು ಬುಧವಾರ ಅವರು ನೆರಳಿನ ಮಾತೆತ್ತಲಿಲ್ಲ. ಒದ್ದೆ ಮರಳಿನ ಮೇಲೆ ನೊರೆ ಅರ್ಧ ಹೆಮ್ಮಿಂಗ್ ಮಾಡಿ ಬಿಟ್ಟ ಅಂಚಿನ ಹಾಗೆ ಮಲಗಿತ್ತು. ಅವಳು ಫೋನ್ ಎತ್ತಿ ಒತ್ತಿದಳು. ಅವರು ಪಕ್ಕದಲ್ಲೇ ನಿಂತಿದ್ದರು.

ವರ್ಷದ ಪ್ರದರ್ಶನಕ್ಕೆಂದು ಅದನ್ನೇ ದೊಡ್ಡದಾಗಿ ಪ್ರಿಂಟ್ ಹಾಕಿಸಿದಳು. ಅವಳ ಮನೆಗೆ ಬಂದಿದ್ದ ತಮ್ಮ, ಊಟದ ಮೇಜಿನ ಮೇಲೆ ಹರಡಿದ ಚಿತ್ರವನ್ನು ಬಗ್ಗಿ ಬಹಳ ಹೊತ್ತು ನೋಡಿದ.

“ಚೆನ್ನಾಗಿದೆ ಅಕ್ಕ. ಕೆಳಗಿನ ಅರ್ಧ ಕ್ರಾಪ್ ಮಾಡಿಬಿಡು. ನೆರಳು ಬಿದ್ದಿದೆ.”

“ನೆರಳು ತೆಗೆದ್ರೆ ಇನ್ನೇನು ಉಳಿಯುತ್ತೆ?”

“ಒಂದೇ ನೆರಳಾಗಿದ್ರೆ ನಾನೂ ಸುಮ್ಮನಿರ್ತಿದ್ದೆ.” ಅವನು ಬೆರಳಿಟ್ಟು ತೋರಿಸಿದ. “ಸಮುದ್ರ ಇರೋದು ಮುಂದೆ. ಈ ಮೂಗು ಯಾವ ಕಡೆ ತಿರುಗಿದೆ ನೋಡು.”

ಅವಳು ನೋಡಿದಳು. ಅಲ್ಲಿಯವರೆಗೆ ಅದು ಅವಳ ಕಣ್ಣಿಗೂ ಬಿದ್ದಿರಲಿಲ್ಲ. ಮೊಣಕೈ ಅಗಲಿಸಿ ಫೋನ್ ಹಿಡಿದ ಕುಳ್ಳ ನೆರಳು ಅವಳದು. ಒಂದು ತೋಳಿನಷ್ಟು ದೂರದಲ್ಲಿ ಇನ್ನೊಂದು, ಎತ್ತರದ್ದು. ಅಷ್ಟುದ್ದದ ಮೂಗು ಊರಲ್ಲಿ ಒಬ್ಬರದೇ. ಎರಡೂ ಕಿವಿ ಕಾಣದೆ ಯಾರ ಫೋಟೊವನ್ನೂ ತೆಗೆಯದ ಮನುಷ್ಯ ತಾನೇ ಅಡ್ಡಮುಖವಾಗಿ ನಿಂತಿದ್ದ. ಅವರು ಸಮುದ್ರವನ್ನು ನೋಡುತ್ತಲೇ ಇರಲಿಲ್ಲ.

ಅವಳ ಮೈಯೆಲ್ಲ ಬೆಚ್ಚಗಾಯಿತು.

“ಅದಕ್ಕೇನೀಗ?” ಎಂದಳು.

“ಅದಕ್ಕೇನಾ? ಊರೆಲ್ಲ ನೋಡೋಕೆ ಬರುತ್ತೆ. ಐವತ್ತೆರಡನೇ ವಯಸ್ಸಲ್ಲಿ ಇದೆಲ್ಲ ಬೇಕಾ? ಈ ಚಿತ್ರ ಹೀಗೇ ಗೋಡೆಗೆ ಬಂದ್ರೆ ನಾನು ನಿನ್ನ ತಮ್ಮ ಅಲ್ಲ.”

“ಮರಿ, ನಿನ್ನ ಮೊದಲನೇ ಚಡ್ಡಿ ಹೊಲಿದೋಳು ನಾನು. ತಮ್ಮ ಹೌದೋ ಅಲ್ವೋ ಅಂತ ನನ್ನನ್ನ ಕೇಳಿ ಹೇಳು.”

ಮಾತು ಗಟ್ಟಿಯಾಗಿ ಬಂತು. ಅವನು ಎದ್ದು ಹೋದ ಮೇಲೆ ಚಿತ್ರವನ್ನು ಸುರುಳಿ ಸುತ್ತಿ, ಮತ್ತೆ ಬಿಚ್ಚಿ ನೋಡಿದಳು. ತಾಯಿ ಹೋದಾಗ ಅವನಿಗೆ ಆರು ವರ್ಷ. ಹೊಲಿಗೆ ಮೆಷಿನ್ನಿನ ಪೆಡಲ್ ತುಳಿಯುತ್ತಲೇ ಅವನಿಗೆ ಮಗ್ಗಿ ಹೇಳಿಕೊಟ್ಟವಳು ಅವಳು. ಅವನು ಹೋಗುವುದೆಂದರೆ ಮೈಯಿಂದಲೇ ಒಂದು ತುಂಡು ಹೋದಂತೆ.

ಭಾನುವಾರ ಆಯ್ಕೆ ಸಭೆ. ಅವಳ ಚಿತ್ರ ತಂತಿಗೆ ಏರುತ್ತಲೇ ಮಹಡಿಯಲ್ಲಿ ಗುಸುಗುಸು ಎದ್ದಿತು. ಮುಂದಿನ ಸಾಲಿನವರೊಬ್ಬರು ಮೂಗಿನ ನೆರಳನ್ನೂ ಮೇಷ್ಟ್ರ ಮೂಗನ್ನೂ ಹೋಲಿಸಿ ನೋಡಿ ಕೆಮ್ಮಿದರು.

ತಮ್ಮ ಎದ್ದ. “ನಿಯಮ ಎಲ್ಲರಿಗೂ ಒಂದೇ. ಮೇಷ್ಟ್ರೇ ಹೇಳಲಿ.”

ಮೇಷ್ಟ್ರು ಕನ್ನಡಕ ಒರೆಸಿದರು. ಮತ್ತೆ ಒರೆಸಿದರು. “ನಿಯಮದ ಪ್ರಕಾರ ನೆರಳು ತಪ್ಪು,” ಎಂದರು ನೆಲ ನೋಡುತ್ತ. “ಕತ್ತರಿಸಬೇಕು.”

ತಮ್ಮ ಮಡಚುವ ಬ್ಲೇಡನ್ನೂ ಸ್ಟೀಲಿನ ಸ್ಕೇಲನ್ನೂ ಅವಳ ಮುಂದೆ ಚಾಚಿದ. ಅವಳು ಒಮ್ಮೆ ಮೇಷ್ಟ್ರತ್ತ ನೋಡಿದಳು. ಆಮೇಲೆ ಬ್ಲೇಡನ್ನು ಮಾತ್ರ ತೆಗೆದುಕೊಂಡಳು.

“ಕತ್ತರಿ ಹಿಡಿದು ಬದುಕಿದೋಳು ನಾನು. ಕತ್ತರಿಸೋಕೆ ಮುಂಚೆ ಹಾಕ್ಕೊಳ್ಳೋರನ್ನ ಕೇಳ್ತೀನಿ. ಇದನ್ನ ಯಾರೂ ನನ್ನನ್ನ ಕೇಳಲಿಲ್ಲ.” ಅವಳು ಎಲ್ಲರತ್ತ ತಿರುಗಿದಳು. “ಹದಿನೆಂಟು ವರ್ಷ ಎಲ್ಲಾ ಫೋಟೊದಿಂದ ನಾನೇ ಪಕ್ಕಕ್ಕೆ ಸರಿದು ನಿಂತೆ. ತಮ್ಮನ ಮದುವೆ, ಅವನ ಮಗುವಿನ ಹುಟ್ಟುಹಬ್ಬ, ಎಲ್ಲದಕ್ಕೂ ‘ನೀವು ನಿಲ್ಲಿ, ನಾನು ತೆಗೀತೀನಿ’ ಅಂದೆ. ಯಾವ ಆಲ್ಬಮ್ಮಲ್ಲೂ ನಾನಿಲ್ಲ. ಇದೊಂದರಲ್ಲಿ ಇದ್ದೀನಿ. ತಪ್ಪೇ ಆಗಲಿ, ಇದರಿಂದ ನಾನು ಹೋಗಲ್ಲ.”

ಅವಳು ಬ್ಲೇಡನ್ನು ಮೇಷ್ಟ್ರ ಮುಂದಿನ ಮೇಜಿನ ಮೇಲಿಟ್ಟಳು. “ನಿಮಗೆ ನಾಚಿಕೆ ಆದ್ರೆ ನಿಮ್ಮ ನೆರಳನ್ನ ನೀವೇ ಕತ್ತರಿಸ್ಕೊಂಡು ಹೋಗಿ. ನನ್ನದನ್ನ ಮುಟ್ಟಬೇಡಿ.”

ಮೇಷ್ಟ್ರು ಬ್ಲೇಡನ್ನು ನೋಡಿದರು. ಅದನ್ನು ಮಡಚಿ ಜೇಬಿಗೆ ಹಾಕಿಕೊಂಡರು. ಆಮೇಲೆ ಎದ್ದು ಚಿತ್ರದ ಹತ್ತಿರ ಹೋಗಿ, ಪ್ರತಿ ಭಾನುವಾರ ಹೇಳುವ ಹಾಗೆಯೇ ಗಂಟಲು ಸರಿಮಾಡಿಕೊಂಡರು.

“ಈ ಚಿತ್ರದಲ್ಲಿ ಒಂದೇ ತಪ್ಪಿದೆ. ಎರಡು ನೆರಳಿನ ನಡುವೆ ಜಾಗ ಜಾಸ್ತಿಯಾಯ್ತು. ಬರೀ ಮರಳು, ನೋಡುವವರ ಕಣ್ಣಿಗೆ ಅಲ್ಲಿ ಏನೂ ಸಿಗಲ್ಲ. ಅದು ಟೈಲರಮ್ಮನ ತಪ್ಪಲ್ಲ. ಆ ಉದ್ದ ಮೂಗಿನವನದು. ಎಂಟು ತಿಂಗಳಿಂದ ಒಂದು ಹೆಜ್ಜೆ ಹತ್ತಿರ ಬರೋ ಧೈರ್ಯ ಅವನಿಗಾಗಲಿಲ್ಲ.”

“ಈಗ ತಾನೇ ಕತ್ತರಿಸಿ ಅಂದ್ರಿ?” ತಮ್ಮನ ದನಿ ಏರಿತು.

“ಹೆದರಿ ಅಂದೆನಪ್ಪ. ನೀನು ಅಕ್ಕನಿಗೆ ಹೇಳಿದ್ದು ನನ್ನ ಕಿವಿಗೂ ಬಿದ್ದಿತ್ತು. ನನ್ನ ದೆಸೆಯಿಂದ ಇವರಿಗೆ ತಮ್ಮ ಇಲ್ಲದ ಹಾಗೆ ಆಗಬಾರದು ಅಂತ. ಅದನ್ನ ತೀರ್ಮಾನ ಮಾಡೋನು ನಾನಲ್ಲ, ಅದೂ ತಪ್ಪೇ.” ಅವರು ಅವಳತ್ತ ತಿರುಗಿದರು. ಕಿವಿ ಎರಡೂ ಕೆಂಪಾಗಿದ್ದವು. “ನನಗೆ ನೀವು ಬೇಕು ಟೈಲರಮ್ಮ. ಇದನ್ನ ಹೇಳೋಕೆ ನನಗೆ ಯಾವ ನಿಯಮಾನೂ ಗೊತ್ತಿಲ್ಲ.”

“ಗೊತ್ತಿಲ್ಲದೆ ಹೇಳಿದ್ದೇ ಚೆನ್ನಾಗಿದೆ,” ಎಂದಳು ಅವಳು. “ನೀವೂ ನನಗೆ ಬೇಕು. ಎಲ್ಲರೂ ಕೇಳಿಸ್ಕೊಳ್ಳಿ, ಮತ್ತೆ ಮತ್ತೆ ಹೇಳಲ್ಲ.”

ತಮ್ಮ ಕಿಟಕಿಯ ಕಡೆ ಮುಖಮಾಡಿ ಕೂತುಬಿಟ್ಟ. ಕೂಟದ ಸದಸ್ಯೆಯೇ ಆಗಿದ್ದ ಅವನ ಹೆಂಡತಿ ಸದ್ದಿಲ್ಲದೆ ಎದ್ದಳು. ತಂತಿಯಿಂದ ಆ ಚಿತ್ರವನ್ನು ಬಿಡಿಸಿ, ಪ್ರದರ್ಶನಕ್ಕೆ ಆಯ್ದವುಗಳ ಸಾಲಿನಲ್ಲಿ ಎಲ್ಲಕ್ಕಿಂತ ಮುಂದೆ ಸಿಕ್ಕಿಸಿ ಬಂದು ಕೂತಳು. ಗಂಡ ತಿರುಗಿ ನೋಡಿದರೆ, “ಬೆಳಕು ಚೆನ್ನಾಗಿದೆ ಇದರಲ್ಲಿ,” ಎಂದಳು ಅಷ್ಟೇ.

ಟೈಲರಮ್ಮ ಹೋಗಿ ತಮ್ಮನ ಕುರ್ಚಿಯ ಪಕ್ಕ ನಿಂತಳು.

“ಮರಿ, ಇವತ್ತು ನಿನ್ನ ಮನೆಗೆ ಊಟಕ್ಕೆ ಇಬ್ಬರು ಬರ್ತೀವಿ. ಬಾಗಿಲು ತೆಗೆಯೋದು ಬಿಡೋದು ನಿನಗೆ ಬಿಟ್ಟದ್ದು. ನಾನಂತೂ ಬೆಲ್ ಒತ್ತೋಳೇ.”

ಅವನು ಕಿಟಕಿಯಾಚೆ ನೋಡುತ್ತಲೇ ಇದ್ದ. ಅವಳು ಮೆಟ್ಟಿಲ ಬಳಿ ಹೋದಾಗ ಹಿಂದಿನಿಂದ ಗೊಣಗು ಕೇಳಿಸಿತು.

“ಬೆಲ್ ಕೆಟ್ಟಿದೆ. ಬಾಗಿಲು ತಟ್ಟು.”

ಕೆಳಗಿಳಿದಾಗ ಬಿಸಿಲು ಇನ್ನೂ ಮನೆಗಳ ತಲೆಯ ಮೇಲಿತ್ತು. “ಬುಧವಾರ ಇನ್ನೊಂದು ತೆಗೆಯೋಣವಾ?” ಎಂದು ಮೇಷ್ಟ್ರು ಕೇಳಿದರು. ಅವಳು ಆಗಲೇ ಸಮುದ್ರದ ರಸ್ತೆ ಹಿಡಿದಿದ್ದಳು. ಭಾನುವಾರದ ಜನ ತುಂಬಿದ ತೀರದಲ್ಲಿ, ಗುರುತಿನವರೆಲ್ಲ ನೋಡುತ್ತಿರುವಾಗ, ಅವಳು ಫೋನ್ ಎತ್ತಿದಳು. ಪರದೆಯ ಮೇಲೆ ಎರಡು ನೆರಳು ನೀರಿನವರೆಗೆ ಚಾಚಿದ್ದವು.

“ಇನ್ನೂ ಜಾಗ ಇದೆ ಮೇಷ್ಟ್ರೇ.”

ಅವರು ಅರ್ಧ ಹೆಜ್ಜೆ ಸರಿದರು.

“ಇನ್ನೂ ಮರಳು ಕಾಣ್ತಿದೆ.”

ಮತ್ತೆ ಸರಿದರು. ತೋಳಿಗೆ ತೋಳು ತಾಗಿ ನಡುವಿನ ಮರಳು ಪೂರ್ತಿ ಮರೆಯಾದ ಮೇಲೆ ಅವಳು ಒತ್ತಿದಳು.