ಮೂಗಿನ ಲಸಿಕೆ ಮಾಯ!

“ಅಕ್ಕಾ! ಪೆಟ್ಟಿಗೆ ಇಲ್ಲ!”

ಪ್ರಯೋಗಾಲಯವೇ ಬೆಚ್ಚಿಬಿತ್ತು. ಕೂಗಿದವನು ಹಂದಿಗಳನ್ನು ನೋಡಿಕೊಳ್ಳುವ ಪಶುವೈದ್ಯ. ತಲೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ತೆರೆದ ಫ್ರಿಜ್ಜಿನ ಮುಂದೆ ಬಾಯಿ ಬಿಟ್ಟುಕೊಂಡು ನಿಂತಿದ್ದ. ಅವನಕ್ಕ ಓಡಿಬಂದಳು. ಆ ಲಸಿಕೆ ತಯಾರಿಸಿದ ವಿಜ್ಞಾನಿ ಅವಳೇ. ಖಾಲಿ ಖಾನೆ ನೋಡಿ ನೆಲದ ಮೇಲೇ ಕುಸಿದು ಕೂತಳು.

ಇನ್ಸ್‌ಪೆಕ್ಟರಮ್ಮ ದಫೇದಾರನೊಂದಿಗೆ ಬಂದಿಳಿದಾಗ ಫ್ರಿಜ್ಜಿನ ಬಾಗಿಲು ಇನ್ನೂ ತೆರೆದೇ ಇತ್ತು.

“ಅಂಥದ್ದೇನಿತ್ತು ಆ ಪೆಟ್ಟಿಗೇಲಿ?”

“ಹಂದಿಗಳ ಫ್ಲೂಗೆ ಲಸಿಕೆ. ಸೂಜಿ ಇಲ್ಲ, ಮೂಗಿಗೆ ಸಿಂಪಡಿಸೋದು. ಸತ್ತ ವೈರಸ್ಸಿನ ಚೂರುಗಳನ್ನ ನ್ಯಾನೋ ಕಣಗಳಲ್ಲಿ ತುಂಬಿದ್ದೀವಿ. ಕಣ್ಣಿಗೆ ಕಾಣೋ ಮಾತೇ ಇಲ್ಲ, ಅಷ್ಟು ಸಣ್ಣವು. ಮೂಗಿನ ಲೋಳೆಗೆ ಅಂಟ್ಕೊಂಡು ರೋಗಾನ ಬಾಗಿಲಲ್ಲೇ ತಡೀತವೆ.” ಅಕ್ಕ ಗಡಿಯಾರ ನೋಡಿದಳು. “ಎರಡನೇ ಡೋಸ್ ಇವತ್ತೇ ಆಗ್ಬೇಕು. ತಪ್ಪಿದ್ರೆ ಪ್ರಯೋಗ ರದ್ದು. ಇಷ್ಟು ವರ್ಷದ ಕೆಲಸ ಮಣ್ಣುಪಾಲು!”

“ಫ್ರಿಜ್ಜಿನ ಕೀಲಿ ಯಾರ ಹತ್ರ ಇರತ್ತೆ?”

“ನನ್ನ ಹತ್ರ, ತಮ್ಮನ ಹತ್ರ, ಮೇಷ್ಟ್ರ ಹತ್ರ.”

ಮೇಷ್ಟ್ರು ಸಂಸ್ಥೆಯ ಹಿರಿಯರು. ಹಂದಿಗಳಿಗೆ ಚುಚ್ಚುವ ಲಸಿಕೆ ಮಾಡಿ ಹೆಸರು ಗಳಿಸಿದವರು. ಅಕ್ಕನಿಗೆ ಈ ವಿದ್ಯೆಯ ಅ ಆ ಇ ಈ ಕಲಿಸಿದವರೂ ಅವರೇ.

* * *

ಫ್ರಿಜ್ಜಿನ ಮುಂದೆ ನೆಲದಲ್ಲಿ ನೀರಿನ ಹನಿಗಳಿದ್ದವು. ದಫೇದಾರನ ಕಣ್ಣರಳಿತು.

“ಮೇಡಂ, ತಮ್ಮನೇ! ತಲೆ ಒದ್ದೆ, ನೆಲ ಒದ್ದೆ. ಕೇಸ್ ಮುಗೀತು!”

“ನಿನ್ನೆ ಅಕ್ಕನ ಜೊತೆ ಜಗಳ ಆಡಿದ್ರಂತೆ?” ಇನ್ಸ್‌ಪೆಕ್ಟರಮ್ಮ ಪಶುವೈದ್ಯನನ್ನು ಕೇಳಿದಳು.

“ಆಡಿದ್ದೆ. ಪ್ರಯೋಗ ಮುಗಿದ್ಮೇಲೆ ಹಂದಿಗಳನ್ನ ಕೊಂದು ಶ್ವಾಸಕೋಶ ನೋಡ್ಬೇಕು. ನನ್ನ ಕೈಲಿ ಆಗಲ್ಲ ಅಂದೆ. ಹಾಗಂತ ಅಕ್ಕನ ಹೊಟ್ಟೆ ಮೇಲೆ ಹೊಡೀತೀನಾ? ಬೆಳಿಗ್ಗೆ ಹಂದಿಮನೇಲಿ ಕೆಲಸ ಮುಗಿಸಿ, ಸ್ನಾನ ಮಾಡಿ, ಲಸಿಕೆ ತಗೊಳ್ಳೋಕೆ ನೇರ ಇಲ್ಲಿಗೆ ಬಂದೆ. ಆಗ್ಲೇ ಖಾಲಿ ಇತ್ತು.”

ಅಷ್ಟರಲ್ಲಿ ಮೇಷ್ಟ್ರು ಮುಂದೆ ಬಂದರು. ಎಣ್ಣೆ ಹಚ್ಚಿ ಓರಣವಾಗಿ ಬಾಚಿದ ಬಿಳಿ ಕೂದಲು, ಒಂದು ಎಳೆಯೂ ಆಚೀಚೆ ಇಲ್ಲ.

“ಅವನನ್ನ ಬಿಟ್ಬಿಡಮ್ಮಾ, ಪಾಪ.”

“ನೀವೆಲ್ಲಿದ್ರಿ ಸರ್?”

“ಬೆಳಿಗ್ಗೆಯಿಂದ ಆ ಕಡೆ ಹಂದಿಮನೇಲಿ, ಲಸಿಕೆ ಹಾಕದ ಹಂದಿಗಳ ಹತ್ರ. ಕೂಗು ಕೇಳಿದ ಮೇಲೇ ಹೊರಗೆ ಬಂದಿದ್ದು.”

ಆ ಹಂದಿಮನೆಗೆ ಬಾಗಿಲೇ ಬೇರೆ, ಬಚ್ಚಲೇ ಬೇರೆ. ಅಲ್ಲಿ ಅವರನ್ನು ಕಂಡವರಿಲ್ಲ, ಹಂದಿಗಳನ್ನು ಬಿಟ್ಟರೆ.

* * *

“ಹಂದಿಮನೆ ಹುಡುಕ್ಬೇಕಾ? ಹೋಗ್ತಾ ಸ್ನಾನ, ಬರ್ತಾ ಸ್ನಾನ. ತಲೆ ಸಮೇತ,” ಎಂದ ಪಶುವೈದ್ಯ. “ನಮ್ಮ ಫ್ಲೂ ಅವಕ್ಕೆ ಹತ್ತಬಾರ್ದು, ಅವುಗಳದ್ದು ನಮಗೆ ಹತ್ತಬಾರ್ದು.”

“ಮನೇಲಿ ಸ್ನಾನ ಮಾಡೇ ಬಂದಿದ್ದೀನಿ ಕಣಯ್ಯ!” ದಫೇದಾರ ಗೊಣಗಿದ. ಯಾರೂ ಕೇಳಲಿಲ್ಲ.

ಒಳಗೆ ಪೆಟ್ಟಿಗೆ ಸಿಗಲಿಲ್ಲ. ಸಿಕ್ಕಿದ್ದು ದಫೇದಾರನ ಮುಖಕ್ಕೆ ಒಂದು ಹಂದಿಯ ಭರ್ಜರಿ ಸೀನು ಮಾತ್ರ. ಮತ್ತೆ ಸ್ನಾನ. ಹೊರಗೆ ಬಂದ ಇನ್ಸ್‌ಪೆಕ್ಟರಮ್ಮ ಕನ್ನಡಿ ನೋಡಿಕೊಂಡಳು. ಅಲ್ಲಿನ ಸೋಪಿಗೆ ಎಣ್ಣೆಯ ಪಸೆಯೆಲ್ಲ ಹೋಗಿ, ಕೂದಲು ಪೊರಕೆಯಂತೆ ನೆಟ್ಟಗೆ ನಿಂತಿತ್ತು.

ಅವಳು ಥಟ್ಟನೆ ತಿರುಗಿದಳು. “ಬನ್ರೀ! ಸಿಕ್ಕಿಬಿದ್ರು!”

* * *

“ಮೇಷ್ಟ್ರೇ, ಹಂದಿಮನೆಯಿಂದ ಬರುವಾಗ ತಲೆ ತೊಳ್ಕೊಂಡ್ರಾ?”

“ಇದೇನು ಪ್ರಶ್ನೆ? ಆ ನಿಯಮ ಮಾಡಿದವನೇ ನಾನು. ಪ್ರಾಣ ಹೋದ್ರೂ ಮೀರಲ್ಲ.”

“ಹಾಗಾದ್ರೆ ಇವತ್ತು ನೀವು ಅಲ್ಲಿಗೆ ಹೋಗೇ ಇಲ್ಲ. ತಲೆ ತುಂಬ ಎಣ್ಣೆ ಇದೆ, ಬಾಚಿದ ಗೆರೆ ಹಾಗೇ ಇದೆ. ತಲೆ ತೊಳ್ಕೊಂಡು ಓಡಿಬಂದವರು ಹೇಗಿರ್ತಾರೆ ಅಂತ ನಮ್ಮಿಬ್ಬರನ್ನ ನೋಡಿ. ಯಾರೂ ನೋಡಿರಲ್ಲ ಅಂತ ಹಂದಿಮನೆ ಹೆಸರು ಹೇಳಿದ್ರಿ.”

ಮೇಷ್ಟ್ರ ಕೈ ತಾನಾಗಿ ತಲೆಗೆ ಹೋಯಿತು.

“ಇನ್ನೊಂದು ಮಾತು. ಲಸಿಕೆ ಹಾಳು ಮಾಡ್ಬೇಕು ಅಂದಿದ್ರೆ ಪಕ್ಕದಲ್ಲೇ ಸಿಂಕ್ ಇತ್ತು, ಸುರಿದ್ರೆ ಆಯ್ತು. ಕಳ್ಳ ಪೆಟ್ಟಿಗೆ ಸಮೇತ ಒಯ್ದ. ಅಂದ್ರೆ ಅದನ್ನ ತಣ್ಣಗೆ ಇಟ್ಟಿದ್ದಾನೆ. ನಿಮ್ಮ ಕೋಣೆ ಫ್ರಿಜ್ಜಲ್ಲಿ ಏನಿದೆ?”

“ನನ್ನ ಹಳೇ ಚುಚ್ಚುಮದ್ದು...”

“ಅದರ ಹಿಂದೆ?”

ದಫೇದಾರ ಓಡಿದ. ಪೆಟ್ಟಿಗೆಯನ್ನು ಎದೆಗವಚಿಕೊಂಡೇ ಬಂದ. ಸೀಸೆಗಳು ಹೆಪ್ಪುಗಟ್ಟದಂತೆ ಸುತ್ತಲೂ ಟವೆಲ್ ಸುತ್ತಲಾಗಿತ್ತು. ನಡುವೆ ಒಂದು ಥರ್ಮಾಮೀಟರ್ ಕೂಡ ಇತ್ತು.

ಅಕ್ಕ ಥರ್ಮಾಮೀಟರ್ ನೋಡಿದಳು. ಕಣ್ಣು ತುಂಬಿ ಬಂತು. “ಸರಿಯಾಗಿದೆ! ಏನೂ ಹಾಳಾಗಿಲ್ಲ! ಆದ್ರೆ ಯಾಕೆ ಸರ್?”

“ನಿನ್ನದು ಗೆದ್ರೆ ನನ್ನ ಸೂಜಿ ಮೂಲೆಗೆ ಹೋಗತ್ತೆ, ಮಗು. ಇವತ್ತೊಂದು ದಿನ ದಾಟಿದ್ರೆ ಸಾಕಿತ್ತು. ಹೊಟ್ಟೆಕಿಚ್ಚು ತಡೆಯೋಕಾಗ್ಲಿಲ್ಲ.” ಮೇಷ್ಟ್ರು ತಲೆ ತಗ್ಗಿಸಿದರು. “ಚೆಲ್ಲೋಣ ಅಂತಾನೂ ಹೋದೆ. ಇಷ್ಟು ಚೆನ್ನಾಗಿ ಮಾಡಿರೋದನ್ನ ಚೆಲ್ಲೋಕೆ ಕೈ ಬರ್ಲಿಲ್ಲ.”

ಇನ್ಸ್‌ಪೆಕ್ಟರಮ್ಮ ಅವರ ತೋಳು ಹಿಡಿದಳು. ತಮ್ಮ ಆಗಲೇ ಪೆಟ್ಟಿಗೆ ಎತ್ತಿಕೊಂಡು ಬಚ್ಚಲ ಕಡೆ ಓಡುತ್ತಿದ್ದ. “ಬೇಗ ಬಾ ಅಕ್ಕಾ, ಇನ್ನೂ ಬೆಳಕಿದೆ!”

ಬಾಗಿಲಲ್ಲಿ ಮೇಷ್ಟ್ರು ತಿರುಗಿ ನಿಂತರು. “ಅವಸರ ಮಾಡ್ಬೇಡ. ಹಂದಿ ಉಸಿರು ಒಳಗೆ ಎಳ್ಕೊಳ್ಳುವಾಗ ಸಿಂಪಡಿಸು. ಇಲ್ದಿದ್ರೆ ಎಲ್ಲ ಸೀನಿಬಿಡತ್ತೆ.”

“ಗೊತ್ತು ಸರ್,” ಎಂದಳು ಅವಳು. “ನೀವೇ ಹೇಳ್ಕೊಟ್ಟಿದ್ದು.”